ಹನ್ನೆರಡು ತಗ್ಗು, ಎರಡು ಲಾರಿ

ಪತ್ತಿನ ಸಹಕಾರಿ ಸಂಘದಲ್ಲಿ ಇಪ್ಪತ್ತೆರಡು ವರ್ಷ ಲೆಕ್ಕ ಬರೆದವನು ನಾನು. ಸಂಜೆ ನಗದು ತಾಳೆಯಾಗದೆ ಚಪ್ಪಲಿ ಮೆಟ್ಟಿದವನಲ್ಲ. ಹೀಗಾಗಿ ವಿಜಯಪುರದ ಸೋಲಾಪುರ ರಸ್ತೆಯ ಕಡೆ ಮೂವತ್ತು–ನಲವತ್ತರ ಸೈಟಿನಲ್ಲಿ ಮನೆ ಕಟ್ಟಲು ನಿಂತಾಗ, ಪಾಯಕ್ಕೆ ಎಷ್ಟು ಕಾಂಕ್ರೀಟ್ ಬೇಕೆಂಬ ಲೆಕ್ಕವನ್ನು ಎಂಜಿನಿಯರರ ಕೈಯಿಂದ ಹೆಚ್ಚು ಕಡಿಮೆ ಕಸಿದುಕೊಂಡೆ.

ಹನ್ನೆರಡು ಕಾಲಂ, ಹನ್ನೆರಡು ತಗ್ಗು. ನಕ್ಷೆಯಲ್ಲಿ ಒಂದೊಂದು ಫುಟಿಂಗಿನ, ಅಂದರೆ ಕಾಲಂ ನಿಲ್ಲುವ ಕಾಂಕ್ರೀಟ್ ಪೀಠದ, ಉದ್ದಗಲ ಒಂದೂವರೆ ಮೀಟರ್, ದಪ್ಪ 45 ಸೆಂಟಿಮೀಟರ್. ಗುಣಿಸಿದರೆ ಒಂದಕ್ಕೆ 1.0125 ಘನ ಮೀಟರ್, ಹನ್ನೆರಡಕ್ಕೆ 12.15. ಘಟಕದಲ್ಲೇ ಕಲೆಸಿ ತರುವ ರೆಡಿಮಿಕ್ಸ್ ಲಾರಿಯೊಂದರಲ್ಲಿ ಬರುವುದು 6 ಘನ ಮೀಟರ್. ಎರಡು ಲಾರಿ ಎಂದರೆ 12. ಉಳಿದ 0.15ಕ್ಕಾಗಿ ಮೂರನೆಯ ಲಾರಿ ಕರೆಸುವುದೇ? ಆಗ ನನಗೊಂದು ಬುದ್ಧಿ ಹೊಳೆಯಿತು. ಫುಟಿಂಗಿನೊಳಗೆ ಕಬ್ಬಿಣದ ಸಳಿ ಕೂರುತ್ತದಲ್ಲ, ಅದು ಹಿಡಿಯುವ ಜಾಗಕ್ಕೆ ಕಾಂಕ್ರೀಟ್ ಬೇಕಿಲ್ಲವಲ್ಲ! ಅದನ್ನು ಕಳೆದು 12 ಘನ ಮೀಟರಿಗೆ ಫೋನ್ ಮಾಡಿದೆ. ಸಳಿ ಹಿಡಿಯುವುದು ನೂರಕ್ಕೆ ಒಂದು ಪಾಲೂ ಅಲ್ಲ, ಅದನ್ನು ಕಳೆಯುವ ರೂಢಿ ಕಟ್ಟಡದ ಅಳತೆಯಲ್ಲಿ ಇಲ್ಲವೇ ಇಲ್ಲ ಎಂಬುದು ತಿಳಿದದ್ದು ಆಮೇಲೆ.

ಇನ್ನೊಂದು ಉಳಿತಾಯವನ್ನೂ ಹೇಳಿಬಿಡುತ್ತೇನೆ. ಫುಟಿಂಗಿನ ನಾಲ್ಕೂ ಬದಿಗೆ ಸೆಂಟ್ರಿಂಗ್ ಹಲಗೆ ಕಟ್ಟಿಸಿ ಎಂದು ಎಂಜಿನಿಯರ್ ಹೇಳಿದ್ದರು. ತಗ್ಗಿನ ಮಣ್ಣೇ ಅಚ್ಚಾಗುವಾಗ ಹಲಗೆಯ ಬಾಡಿಗೆ ಏಕೆ ಎಂದು ನಾನು ಬೇಡವೆಂದೆ. ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ನೀರು ಕುಡಿದರೆ ಉಬ್ಬುತ್ತದೆ. ಅದರ ಮೇಲೆ ಪಾಯ ನಿಲ್ಲದು. ಗಟ್ಟಿಯಾದ ಗರಸು ನೆಲ ಸಿಗುವ ತನಕ ತೋಡಲೇಬೇಕು. ನಮ್ಮಲ್ಲಿ ಅದು ಆರಡಿಗೆ ಸಿಕ್ಕಿತು. ಸೈಟಿನಿಂದ ದೂರಕ್ಕೆ ಗೋಳಗುಮ್ಮಟ ಕಾಣುತ್ತದೆ. ಗವಂಡಿ ಚಾಚಾ ಅತ್ತ ಕೈ ತೋರಿಸಿ, "ಅವರು ಬಂಡೆ ಹುಡುಕಿ ಗುಮ್ಮಟ ಕಟ್ಟಿದರು. ನಾವು ಸೈಟು ಸಿಕ್ಕಲ್ಲಿ ಬಂಡೆ ಹುಡುಕುತ್ತೇವೆ" ಎಂದಿದ್ದರು.

ಕಾಂಕ್ರೀಟ್ ಹಾಕುವ ಹಿಂದಿನ ರಾತ್ರಿ ಮಿರಗದ ಮಳೆ ಬಂತು. ದೊಡ್ಡ ಮಳೆಯೇನಲ್ಲ, ಒಂದು ತಾಸು. ಬೆಳಿಗ್ಗೆ ಹೋಗಿ ನೋಡಿದರೆ ತಗ್ಗುಗಳ ಬದಿ ಕಳಚಿ, ತಳಕ್ಕೆ ಮೊದಲೇ ಹಾಸಿದ್ದ ಬೆಡ್ ಕಾಂಕ್ರೀಟಿನ ಮೇಲೆ ಬಿದ್ದಿತ್ತು. ಬಾಯಿ ಮೊದಲಿನಷ್ಟೇ, ಒಳಗೆ ಹೊಟ್ಟೆ ಬಿಟ್ಟುಕೊಂಡಿತ್ತು, ಹಳೆಯ ಕಾಲದಲ್ಲಿ ಜೋಳ ತುಂಬುತ್ತಿದ್ದ ಹಗೇವಿನ ಹಾಗೆ. ಆಳುಗಳು ನೀರು ತೋಡಿ, ರಾಡಿ ಬಳಿದು, ಸಡಿಲವಾದ ಮಣ್ಣನ್ನೂ ಕೆರೆದು ಹೊರಹಾಕಿದರು. ಮೇಲೆ ನಿಂತವನಿಗೆ ತಗ್ಗು ಚೊಕ್ಕಟವಾಗಿ ಕಂಡಿತು. ಟೇಪು ನನ್ನ ಜೇಬಿನಲ್ಲೇ ಇತ್ತು.

ಹತ್ತು ಗಂಟೆಗೆ ಮೊದಲ ಲಾರಿ ಬಂತು. ಡ್ರಮ್ ತಿರುಗುವ ಸದ್ದು, ವೈಬ್ರೇಟರಿನ ಗುಂಯ್‌ಗಾಟ, ನಡುವೆ ಚಹಾ. ಒಂದು ಲಾರಿಗೆ ಆರು ತಗ್ಗು ತುಂಬಬೇಕಿತ್ತು. ಐದನೆಯದು ತುಂಬುವ ಮೊದಲೇ ಡ್ರಮ್ ಬರಿದಾಯಿತು. ಲಾರಿಯವರು ಕಡಿಮೆ ತಂದಿದ್ದಾರೆಂದು ಮನಸ್ಸಿನಲ್ಲೇ ಬೈದೆ. ನಲವತ್ತೈದು ಸಾವಿರ ಖಾತೆಗಳಲ್ಲಿ ತಪ್ಪು ಹುಡುಕಿದವನಿಗೆ ತನ್ನ ತಪ್ಪು ಕೊನೆಗೇ ಹೊಳೆಯುವುದು. ಎರಡನೆಯ ಲಾರಿ ಮುಗಿದಾಗ ಒಂಬತ್ತು ತಗ್ಗು ತುಂಬಿದ್ದವು. ಹತ್ತನೆಯದರಲ್ಲಿ ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚು ಬಿದ್ದಿತ್ತು. ಇನ್ನೆರಡು ಖಾಲಿ.

ರೆಡಿಮಿಕ್ಸ್ ಘಟಕಕ್ಕೆ ಫೋನ್ ಮಾಡಿದರೆ, ಸಂಜೆಯ ಮೊದಲು ಲಾರಿ ಇಲ್ಲವೆಂದರು. ಅರ್ಧ ತುಂಬಿದ ಫುಟಿಂಗ್ ಅಷ್ಟು ಹೊತ್ತು ಕಾಯುವುದಿಲ್ಲ. ಕೆಳಗಿನದು ಬಿಗಿದ ಮೇಲೆ ಹೊಸದನ್ನು ಸುರಿದರೆ ಎರಡೂ ಒಂದಾಗದೆ ನಡುವೆ ಸಂದಿನ ಗೆರೆ ಉಳಿಯುತ್ತದೆ. "ಚಾಚಾ, ಆ ಒಂಬತ್ತರಲ್ಲಿ ಇನ್ನೂ ಹಸಿ ಇದೆ. ಸ್ವಲ್ಪ ಸ್ವಲ್ಪ ತೆಗೆದು, ನೀರು ಹಾಕಿ ಇದಕ್ಕೆ ಹೊಂದಿಸಿದರೆ?" ಎಂದೆ. ಚಾಚಾ ನನ್ನನ್ನೇ ನೋಡಿದರು. "ಸಾಹೇಬರೇ, ನೆಂಟರು ಹೆಚ್ಚಾದರೆಂದು ನೀರು ಬೆರೆಸುವುದಕ್ಕೆ ಇದು ಮಜ್ಜಿಗೆಯಲ್ಲ."

ಅವರು ಗೀಟು ಹಾಕಿದ ಕೋಲು ಹಿಡಿದು ಹತ್ತನೆಯ ತಗ್ಗಿಗೆ ಇಳಿದರು, ನನ್ನನ್ನೂ ಇಳಿಸಿದರು. ಬದಿಯಿಂದ ಬದಿಗೆ 1.60 ಮೀಟರ್. ಮೂಲೆಯಲ್ಲಿ ಕೋಲು ನಿಲ್ಲಿಸಿ, ನೀರಿನ ಪೈಪಿನಿಂದ ಗುರುತಿಸಿದ ದಾರದ ತನಕ ಅಳೆದರೆ ದಪ್ಪ 50 ಸೆಂಟಿಮೀಟರ್; ಬೆಡ್ಡನ್ನೇ ಅಷ್ಟು ತಗ್ಗಿಸಿ ಹಾಕಿದ್ದರು. ರಾಡಿ ಮೆತ್ತಿದ ಮೊಬೈಲಿನಲ್ಲಿ ಗುಣಿಸಿದೆ: 1.28 ಘನ ಮೀಟರ್. ಅಗಲದಲ್ಲಿ ಹತ್ತು ಸೆಂಟಿಮೀಟರ್, ದಪ್ಪದಲ್ಲಿ ಐದು; ನಕ್ಷೆಗಿಂತ ಕಾಲು ಪಾಲು ಹೆಚ್ಚು! ಹನ್ನೆರಡೂ ಹೀಗೇ ಇದ್ದರೆ ಬೇಕಾದದ್ದು 15.36. ಸಳಿಯ ಜಾಗ ಕಳೆದ ಮಹಾಶಯ ತರಿಸಿದ್ದು 12.

ಆ ಹತ್ತನೆಯದಕ್ಕೆ ಇನ್ನೂ 0.8 ಘನ ಮೀಟರ್ ಬೇಕಿತ್ತು. ಒಂದು ಪಾಲು ಸಿಮೆಂಟಿಗೆ ಒಂದೂವರೆ ಉಸುಕು, ಮೂರು ಖಡಿಯ ಪ್ರಮಾಣದಲ್ಲಿ ಒಂದು ಘನ ಮೀಟರಿಗೆ 50 ಕಿಲೋದ ಎಂಟು ಚೀಲ ಸಿಮೆಂಟ್ ಹಿಡಿಯುತ್ತದೆ. ಖಡಿಯ ಸಂದಿಗೆ ಉಸುಕು, ಉಸುಕಿನ ಸಂದಿಗೆ ಸಿಮೆಂಟ್ ಇಳಿಯುವುದರಿಂದ, ಒಂದು ಪಾಲು ಕಾಂಕ್ರೀಟಿಗೆ ಒಣ ಸಾಮಾನು 1.54 ಪಾಲು ಬೇಕು. ಕೈಯಿಂದ ಕಲೆಸುವುದಾದರೆ ನೂರಕ್ಕೆ ಹತ್ತು ಸಿಮೆಂಟ್ ಹೆಚ್ಚು. ಎಲ್ಲ ಸೇರಿ ಏಳು ಚೀಲ. ಬೆಡ್ಡಿಗೆ ತಂದದ್ದರಲ್ಲಿ ನಾಲ್ಕು ಉಳಿದಿದ್ದವು, ಮೂರನ್ನು ಪಕ್ಕದ ಸೈಟಿನವರು ಕಡ ಕೊಟ್ಟರು. ಮಿಕ್ಸರನ್ನು ವಾಪಸು ಕಳಿಸಿ ಎರಡು ದಿನವಾಗಿತ್ತು. ಎಂಟು ಜನ ತಗಡು ಹಾಸಿ ಸಲಿಕೆಯಲ್ಲಿ ಕಲೆಸಿದರು. ಒಂಬತ್ತನೆಯವನಾಗಿ ನಾನೂ ಬುಟ್ಟಿ ಹೊತ್ತೆ. ಮಧ್ಯಾಹ್ನ ಎರಡಕ್ಕೆ ದಾರ ಮುಟ್ಟಿತು. ಬುತ್ತಿ ಬಿಚ್ಚಿದರೆ ರೊಟ್ಟಿ ಮುರಿಯಲು ಬೆರಳುಗಳೇ ಮಡಚಲಿಲ್ಲ.

ಮರುದಿನ ಉಳಿದೆರಡು ತಗ್ಗುಗಳಿಗೆ ನಾನೇ ಮೊದಲು ಇಳಿದೆ. ಒಂದರ ಅಳತೆ 1.65, 1.60, ಇನ್ನೊಂದರದು 1.60, 1.55. ದಪ್ಪ ಎರಡಕ್ಕೂ 50 ಸೆಂಟಿಮೀಟರ್. ಕೂಡಿದರೆ 2.56 ಘನ ಮೀಟರ್, ಕೈಯಿಂದ ಕಲೆಸುವ ಹೆಚ್ಚಳ ಸೇರಿ ಇಪ್ಪತ್ತೆರಡೂವರೆ ಚೀಲ. "ಚಾಚಾ, ಇಪ್ಪತ್ತಮೂರು ಸಾಕಲ್ಲವೆ?" ಎಂದು ಕೇಳಿದೆ.

"ಚೆಲ್ಲುವುದು, ತಗಡಿಗೆ ಅಂಟುವುದು, ಬುಟ್ಟಿಗೆ ಅಂಟುವುದು? ಇಪ್ಪತ್ತೈದು ತರಿಸಿ."

ತರಿಸಿದೆ. ಎರಡೂ ತುಂಬಿದ ಮೇಲೆ ಒಂದು ಚೀಲ ಬಾಯಿ ಬಿಚ್ಚದೆ ಉಳಿಯಿತು, ತಗಡಿನ ಮೇಲೆ ನಾಲ್ಕೈದು ಬುಟ್ಟಿ ಕಲೆಸಿದ ಮಾಲು ಉಳಿಯಿತು. ಚಾಚಾ ನಾಲ್ಕು ಇಟ್ಟಿಗೆ ಸಾಲಿನ ನಡುವೆ ಅದನ್ನು ಸುರಿದು, ಕರಣಿಯಿಂದ ನಯ ಮಾಡಿ, ಗೋಣಿತಾಟು ಹೊದಿಸಿದರು. ಅದು ಈಗ ನಮ್ಮ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲು. ಒಂದು ಬದಿ ಕೊಂಚ ತಗ್ಗಿದೆ, ನೀರು ಅತ್ತಲೇ ಹರಿಯುತ್ತದೆ.