ಪಂದಿ ಕ್ಯಾಂಡಿ

ಹೋದ ಶನಿವಾರ ಸಂಜೆ ಪಕ್ಕದ ಮನೆಯ ಅಜ್ಜಿ ಎರಡು ಡಬ್ಬಿಗಳನ್ನು ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. ಎರಡರಲ್ಲಿಯೂ ಇದ್ದದ್ದು ಅವರು ಮನೆಯಲ್ಲೇ ಮಾಡಿದ ಚಾಕೊಲೇಟ್ ಫಜ್, ಬರ್ಫಿಯಂಥ ಒಂದು ಸಿಹಿ. ದೊಡ್ಡ ಡಬ್ಬಿಯಲ್ಲಿದ್ದುದರ ಮೇಲೆ ಗರಿಗರಿಯಾಗಿ ಹುರಿದ ಬೇಕನ್ ಚೂರುಗಳು ಹರಡಿದ್ದವು, ಅವುಗಳ ನಡುವೆ ಹರಳುಪ್ಪು ಹೊಳೆಯುತ್ತಿತ್ತು. ಚಿಕ್ಕದರಲ್ಲಿ ಬರೀ ಫಜ್. ಚಿಕ್ಕದನ್ನು ನನ್ನ ಕೈಗಿಟ್ಟು, "ನಿಮಗೆಂದು ಇದನ್ನು ಬೇರೆ ಪಾತ್ರೆಯಲ್ಲಿಯೇ ಮಾಡಿದೆ, ಚಮಚವೂ ಬೇರೆ. ಭಾರತದವರು ಹಂದಿಮಾಂಸ ತಿನ್ನುವುದಿಲ್ಲ ಎಂದು ನನಗೆ ಗೊತ್ತು" ಎಂದರು. ದೊಡ್ಡ ಡಬ್ಬಿ ಆಚೆಯ ಮನೆಗೆ ಹೋಗುವುದಿತ್ತು.

ಎಪ್ಪತ್ತು ದಾಟಿದ ಹೆಂಗಸೊಬ್ಬರು ನಮ್ಮ ಆಚಾರ ಕೆಡಬಾರದೆಂದು ಎರಡೆರಡು ಪಾತ್ರೆ ತೊಳೆದಿದ್ದಾರೆ ಎನ್ನುವುದು ನನ್ನ ಮನಸ್ಸಿಗೆ ತಟ್ಟಿತು. ಧನ್ಯವಾದ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಎಂಟು ವರ್ಷದ ಮಗಳು ನನ್ನ ಪಕ್ಕದಿಂದ ತಲೆ ತೂರಿಸಿ, "ನಾವು ಕೊಡವರು, ನಾವು ಪಂದಿ ತಿನ್ನುತ್ತೇವೆ" ಎಂದು ಇಂಗ್ಲಿಷಿನಲ್ಲಿ ಘೋಷಿಸಿದಳು. ಅಜ್ಜಿಗೆ ಅದು ಕ್ಯಾಂಡಿ ಎಂದು ಕೇಳಿಸಿತು. "ಕ್ಯಾಂಡಿ ಎಲ್ಲರೂ ತಿನ್ನುತ್ತಾರೆ, ಮಗು" ಎಂದರು. "ಕ್ಯಾಂಡಿಯಲ್ಲ, ಪಂದಿ!" ಎಂದು ಇವಳು ದೊಡ್ಡ ಡಬ್ಬಿಯತ್ತ ಬೆರಳು ತೋರಿಸಿ, ಒಂದು ಕ್ಷಣ ಯೋಚಿಸಿ, "ಇದು ಪಂದಿ ಕ್ಯಾಂಡಿ" ಎಂದಳು. ಅಜ್ಜಿ ನಕ್ಕು, ಹೌದೇ ಎನ್ನುವಂತೆ ನನ್ನ ಮುಖ ನೋಡಿದರು.

ಉತ್ತರ ಒಂದೇ ಶಬ್ದದ್ದು. ಆದರೂ ನನಗೆ ಒಂದೆರಡು ಉಸಿರಿನಷ್ಟು ಹೊತ್ತು ಹಿಡಿಯಿತು, ಏಕೆಂದರೆ ನನ್ನ ನಾಲಿಗೆಯ ತುದಿಗೆ ಮೊದಲು ಬಂದದ್ದು ಬೆಂಗಳೂರಿನ ಹಳೆಯ ಉತ್ತರ.

ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಫಜ್‌ನ ವಿಷಯ, ಏಕೆಂದರೆ ಅಂದು ದೊಡ್ಡ ಡಬ್ಬಿಯಿಂದ ನಾಲ್ಕು ತುಂಡುಗಳನ್ನು ತೆಗೆದುಕೊಟ್ಟ ಅಜ್ಜಿ, ಮರುದಿನ ನನ್ನನ್ನು ತಮ್ಮ ಅಡುಗೆಮನೆಗೆ ಕರೆಸಿಕೊಂಡು ಅದನ್ನು ಮಾಡುವ ಬಗೆಯನ್ನು ತೋರಿಸಿಯೇ ಬಿಟ್ಟರು. ಅವರು ಹುಡುಗಿಯಾಗಿದ್ದಾಗ ಬೇಸಿಗೆ ರಜೆಗಳಲ್ಲಿ ಅಮೆರಿಕದ ಇದೇ ಮಿಷಿಗನ್ ರಾಜ್ಯದ ಮ್ಯಾಕಿನಾ ದ್ವೀಪದ ಒಂದು ಫಜ್ ಅಂಗಡಿಯಲ್ಲಿ ಕೆಲಸ ಮಾಡಿದವರು. ಆ ದ್ವೀಪದಲ್ಲಿ 1898ರಿಂದ ಮೋಟಾರು ವಾಹನಗಳಿಗೆ ನಿಷೇಧವಿದೆ. ಜನ ಇಂದಿಗೂ ಕುದುರೆಗಾಡಿಯಲ್ಲಿ, ಸೈಕಲ್ಲಿನಲ್ಲಿ ಓಡಾಡುತ್ತಾರೆ, ಹಡಗಿನಲ್ಲಿ ಬಂದಿಳಿಯುವ ಪ್ರವಾಸಿಗರನ್ನು ಸ್ಥಳೀಯರು 'ಫಜೀಸ್' ಎಂದೇ ಕರೆಯುತ್ತಾರೆ. ಕುದಿಯುವ ಪಾಕವನ್ನು ಅಮೃತಶಿಲೆಯ ಹಾಸಿನ ಮೇಲೆ ಸುರಿದು, ಉದ್ದ ಹಿಡಿಯ ಸಟ್ಟುಗದಿಂದ ಮಗುಚುತ್ತ ಮಗುಚುತ್ತ ದಿಂಡಿನ ಆಕಾರಕ್ಕೆ ತರುವುದನ್ನು ಗಾಜಿನ ಕಿಟಕಿಯ ಹಿಂದೆ ನಿಂತು ನೋಡುವುದೇ ಅಲ್ಲಿ ಒಂದು ಕಾಲಕ್ಷೇಪ. ಅಜ್ಜಿಯ ಬಲಗೈಯ ಮಣಿಕಟ್ಟಿನಲ್ಲಿ ಆ ಕಾಲದ ಸುಟ್ಟ ಕಲೆ ಇನ್ನೂ ಇದೆ.

ಅವರ ಅಳತೆ ಹೀಗೆ: ಎರಡು ಕಪ್ ಸಕ್ಕರೆ, ಮುಕ್ಕಾಲು ಕಪ್ ಕೆನೆಭರಿತ ಹಾಲು, ಸಿಹಿಯಿಲ್ಲದ ಕಹಿ ಚಾಕೊಲೇಟ್ ಸುಮಾರು 55 ಗ್ರಾಂ, ಒಂದು ದೊಡ್ಡ ಚಮಚ ಕಾರ್ನ್ ಸಿರಪ್, ಎರಡು ಚಮಚ ಬೆಣ್ಣೆ, ಆರು ಪಟ್ಟಿ ಬೇಕನ್. ಬೆಣ್ಣೆ ಮತ್ತು ಬೇಕನ್ ಬಿಟ್ಟು ಉಳಿದುದನ್ನೆಲ್ಲ ದಪ್ಪ ತಳದ ಪಾತ್ರೆಯಲ್ಲಿ ಸಕ್ಕರೆ ಕರಗುವವರೆಗೆ ಕಲಕಿ, ಕುದಿ ಬಂದ ಮೇಲೆ ಕಲಕುವುದನ್ನು ಬಿಡಬೇಕು. ಪಾತ್ರೆಯ ಅಂಚಿಗೆ ಸಿಡಿದ ಸಕ್ಕರೆಯನ್ನು ಒದ್ದೆ ಕುಂಚದಿಂದ ತೊಳೆದು ಕೆಳಗಿಳಿಸಬೇಕು, ಏಕೆಂದರೆ ಅಲ್ಲಿಂದ ಒಂದೇ ಒಂದು ಹರಳು ಪಾಕಕ್ಕೆ ಬಿದ್ದರೂ ಅದು ತನ್ನ ಸುತ್ತ ಇನ್ನಷ್ಟು ಹರಳುಗಳನ್ನು ಕಟ್ಟಿಕೊಂಡು ಇಡೀ ಫಜ್ ಮರಳುಮರಳಾಗುತ್ತದೆ. ಕಾರ್ನ್ ಸಿರಪ್ಪಿನ ಕೆಲಸವೂ ಅದನ್ನು ತಡೆಯುವುದೇ. ಅದರಲ್ಲಿರುವ ಗ್ಲೂಕೋಸ್ ಸಕ್ಕರೆಯ ಕಣಗಳು ಒಂದಕ್ಕೊಂದು ಅಂಟಿ ದೊಡ್ಡ ಹರಳಾಗುವುದಕ್ಕೆ ಅಡ್ಡ ನಿಲ್ಲುತ್ತದೆ.

ಪಾಕ 234 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಬೇಕು, ಅಂದರೆ ಊರಿನ ಲೆಕ್ಕದಲ್ಲಿ ಸುಮಾರು 112 ಡಿಗ್ರಿ. ಅಜ್ಜಿ ಉಷ್ಣಮಾಪಕವನ್ನು ಪಾತ್ರೆಯ ಅಂಚಿಗೆ ಸಿಕ್ಕಿಸಿದ್ದರು. ಆದರೆ ಅದನ್ನು ನಂಬದೆ, ಬಟ್ಟಲಲ್ಲಿದ್ದ ತಣ್ಣೀರಿಗೆ ಒಂದು ತೊಟ್ಟು ಪಾಕ ಬಿಟ್ಟು, ಬೆರಳಿನಿಂದ ಉರುಟಿ ನೋಡಿದರು. ಮೆತ್ತನೆಯ ಉಂಡೆಯಾಯಿತು. ನಮ್ಮಲ್ಲಿ ಉಂಡೆಪಾಕ ಎನ್ನುವುದನ್ನು ಇಲ್ಲಿಯೂ 'ಮೆತ್ತನೆಯ ಉಂಡೆ' ಎಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಾರೆ. ಬೆಣ್ಣೆ ಹಾಕಿ, ಪಾತ್ರೆಯನ್ನು ಅಲುಗಾಡಿಸದೆ 110 ಡಿಗ್ರಿ ಫ್ಯಾರನ್‌ಹೀಟಿಗೆ, ಅಂದರೆ ಉಗುರುಬೆಚ್ಚಗಿಗಿಂತ ತುಸು ಹೆಚ್ಚಿನ ಬಿಸಿಗೆ, ಆರಲು ಬಿಡಬೇಕು. ಈ ಕಾಯುವಿಕೆಯೇ ಕಷ್ಟದ ಭಾಗ. ಬಿಸಿಯಿರುವಾಗಲೇ ಕಲಕಿದರೆ ಹರಳು ದೊಡ್ಡದಾಗುತ್ತದೆ, ಆರಿದ ಮೇಲೆ ಬಿಡದೆ ಕಲಕಿದರೆ ನಾಲಿಗೆಗೆ ಸಿಗದಷ್ಟು ಸಣ್ಣ ಹರಳುಗಳು ಹುಟ್ಟಿ ಫಜ್ ನುಣುಪಾಗುತ್ತದೆ. ಕಲಕುತ್ತ ಕಲಕುತ್ತ ಕೈ ಸೋಲುವ ಹೊತ್ತಿಗೆ ಪಾಕದ ಮೇಲಿನ ಹೊಳಪು ಮಾಯವಾಗಲು ತೊಡಗುತ್ತದೆ, ಬೇಕನ್ ಚೂರುಗಳನ್ನು ಬೆರೆಸುವುದು ಆಗ. ಕಂಡೆನ್ಸ್ಡ್ ಹಾಲಿನ ಡಬ್ಬಿಯನ್ನು ಚಾಕೊಲೇಟ್ ಜೊತೆ ಕರಗಿಸಿ ಹತ್ತು ನಿಮಿಷಕ್ಕೆ ಮುಗಿಸುವ ಸುಲಭದ ದಾರಿಯೂ ಇದೆ. ಅದನ್ನು ಹೇಳಿದ್ದಕ್ಕೆ ಅಜ್ಜಿ ನನ್ನನ್ನು ನೋಡಿದ ನೋಟ, ಪೊಟ್ಟಣದ ಮಸಾಲೆ ತಂದ ಸೊಸೆಯನ್ನು ನೋಡುವ ಅತ್ತೆಯದು.

ಬೇಕನ್ ಎನ್ನುವುದು ಹಂದಿಯ ಹೊಟ್ಟೆಯ ಭಾಗದ ಮಾಂಸವನ್ನು ಉಪ್ಪಿನಲ್ಲಿ ಹದಗೊಳಿಸಿ, ಹೊಗೆ ಕೊಟ್ಟು, ತೆಳ್ಳಗೆ ಕೊಯ್ದದ್ದು. ಫಜ್‌ಗೆ ಹಾಕುವಾಗ ಅದರ ಕೊಬ್ಬೆಲ್ಲ ಕರಗಿ ಇಳಿದು, ಮುರಿದರೆ ಸದ್ದಾಗುವಷ್ಟು ಗರಿಗರಿಯಾಗಿರಬೇಕು, ಇಲ್ಲದಿದ್ದರೆ ಮೆತ್ತನೆಯ ಸಿಹಿಯ ನಡುವೆ ರಬ್ಬರು ಅಗಿದಂತಾಗುತ್ತದೆ. ಮೊದಲ ತುಂಡನ್ನು ನಾನು ಅನುಮಾನದಿಂದಲೇ ಬಾಯಿಗಿಟ್ಟುಕೊಂಡೆ. ಚಾಕೊಲೇಟ್ ಕರಗುವಾಗ ಬರೀ ಸಿಹಿ. ಆಮೇಲೆ ಹಲ್ಲಿಗೆ ಉಪ್ಪು ಸಿಕ್ಕಿತು, ಚಾಕೊಲೇಟಿನ ಕಹಿ ತಗ್ಗಿತು, ಸಿಹಿ ಇನ್ನಷ್ಟು ಮುಂದೆ ಬಂತು. ಕಹಿಯನ್ನು ಅಡಗಿಸುವುದು ಉಪ್ಪಿನ ಗುಣ, ಹೋಳಿಗೆಯ ಹೂರಣಕ್ಕೆ ಚಿಟಿಕೆ ಉಪ್ಪು ಹಾಕುವವರಿಗೆ ಇದೇನೂ ಹೊಸದಲ್ಲ. ನನಗೆ ಹೊಸದಾಗಿದ್ದದ್ದು ಕೊನೆಯಲ್ಲಿ, ಎಲ್ಲ ಕರಗಿ ಹೋದ ಮೇಲೆ ಗಂಟಲಲ್ಲಿ ಉಳಿದ ಹೊಗೆಯ ವಾಸನೆ. ಹೊಸದು ಎಂದರೆ ತಪ್ಪಾದೀತು, ಅದು ಬಹಳ ಹಳೆಯದು. ಮಳೆಗಾಲದಲ್ಲಿ ಕುಲದ ಹಿರಿಮನೆಯಾದ ನಮ್ಮ ಐನ್‌ಮನೆಯ ಒಲೆಯ ಮೇಲೆ, ಕೋಲಿಗೆ ಪೋಣಿಸಿ ತೂಗುಹಾಕಿದ ಉಪ್ಪು ಸವರಿದ ಮಾಂಸದ ಪಟ್ಟಿಗಳು ವಾರಗಟ್ಟಲೆ ಹೊಗೆ ಕುಡಿದು ಕಪ್ಪಾಗುತ್ತಿದ್ದವು. ಹೊರಗೆ ಬಟ್ಟೆ ಒಣಗದ ಜುಲೈ ತಿಂಗಳಲ್ಲಿ ಮನೆಯೊಳಗೆ ಒಣಗುತ್ತಿದ್ದದ್ದು ಅದೊಂದೇ. ನಮ್ಮ ಶಾಲೆಯ ಸ್ವೆಟರುಗಳಿಗೂ ಅದೇ ವಾಸನೆ ಹತ್ತಿರುತ್ತಿತ್ತು, ಆಗ ಅದನ್ನು ಮುಚ್ಚಿಡಬೇಕೆಂದು ನಮಗೆ ಯಾರೂ ಹೇಳಿರಲಿಲ್ಲ.

ಮುಚ್ಚಿಡುವುದನ್ನು ಕಲಿತದ್ದು ಬೆಂಗಳೂರಿನಲ್ಲಿ. ಮದುವೆಯಾದ ಹೊಸತರಲ್ಲಿ ನಾವು ಬಾಡಿಗೆ ಮನೆ ಹುಡುಕುವಾಗ, ಮುಂಗಡ ಎಷ್ಟು, ನೀರು ಬರುವುದು ಯಾವಾಗ ಎನ್ನುವುದಕ್ಕಿಂತ ಮೊದಲು ಬರುತ್ತಿದ್ದ ಪ್ರಶ್ನೆ ಊಟದ್ದು. ಮೂರು ಮನೆಗಳಲ್ಲಿ ನಿಜ ಹೇಳಿದೆವು, ಮೂರೂ ತಪ್ಪಿದವು. ನಾಲ್ಕನೆಯ ಮನೆಯ ಮಾಲೀಕರು ಸಜ್ಜನರು, ಮಾತಿನಲ್ಲಿ ಎಲ್ಲಿಯೂ ಒರಟುತನವಿರಲಿಲ್ಲ. "ನೀವು ಕೊಡಗಿನವರಲ್ಲವೇ, ಅದೆಲ್ಲ ತಿನ್ನುತ್ತೀರೇನೋ?" ಎಂದು ಸಂಕೋಚದಿಂದಲೇ ಕೇಳಿದರು. "ಇಲ್ಲ ಸಾರ್, ನಾವು ತಿನ್ನುವುದಿಲ್ಲ" ಎಂದವಳು ನಾನು. ಗಂಡ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತಿದ್ದರು.

ಆ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ಮುಗಿದ ಮರುದಿನ ಅವ್ವ ಮಡಿಕೇರಿಯಿಂದ ಬಸ್ಸು ಹತ್ತಿ ಬಂದರು. ಸ್ಟೀಲ್ ಡಬ್ಬಿಯಲ್ಲಿ ಪಂದಿ ಕರಿ, ಹಳೆಯ ಪಂಚೆಯಲ್ಲಿ ಸುತ್ತಿದ ಕಡಂಬುಟ್ಟು ಎಂಬ ಅಕ್ಕಿಯ ಉಂಡೆಗಳು. ನಾನು ಕಿಟಕಿಗಳನ್ನೆಲ್ಲ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಟವೆಲ್ ಒತ್ತರಿಸಿ, ನಾಲ್ಕು ಊದುಬತ್ತಿ ಹಚ್ಚಿ, ಡಬ್ಬಿ ತೆರೆದೆ. "ಇವತ್ತು ಏನು ಪೂಜೆ?" ಎಂದು ಅವ್ವ ಕೇಳಿದರು. ನಾನು ಹೇಳಿದೆ. ಅವರು ಏನೂ ಅನ್ನಲಿಲ್ಲ. ನಮ್ಮ ತಟ್ಟೆಗೆ ಬಡಿಸಿ, ತಾವು ಮೊಸರನ್ನ ಕಲಸಿಕೊಂಡರು. ಅಲ್ಲಿಂದ ಮುಂದೆ ಐದು ವರ್ಷ ಅವರು ನಮ್ಮಲ್ಲಿಗೆ ಬರುವಾಗ ತಂದದ್ದು ಕಿತ್ತಳೆ ಹಣ್ಣು, ಜೇನು, ಕಾಫಿಪುಡಿ.

ಅಜ್ಜಿಯ ಎರಡು ಪಾತ್ರೆಗಳನ್ನು ಕಂಡು ನನಗೆ ನೆನಪಾದದ್ದು ಇದು. ಅವರೂ ನಮ್ಮ ತಟ್ಟೆಯಲ್ಲಿ ಏನಿರುತ್ತದೆ ಎಂದು ಊಹಿಸಿದರು, ಆದರೆ ಆ ಊಹೆಯ ಹಿಂದೆ ನಮಗೆ ಮನೆ ಕೊಡುವ, ಕೊಡದಿರುವ ಅಧಿಕಾರವಿರಲಿಲ್ಲ. ತಪ್ಪೆಂದು ತಿಳಿದ ಮರುಕ್ಷಣ ದೊಡ್ಡ ಡಬ್ಬಿಯ ಮುಚ್ಚಳ ತೆರೆದರು, ಅಷ್ಟೆ. ಅಮೆರಿಕದಲ್ಲಿ ಯಾರೂ ಯಾರ ಊಟವನ್ನೂ ಮೂಸಿ ನೋಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಮಗಳ ಶಾಲೆಯ ಊಟದ ಡಬ್ಬಿಯ ಕಥೆಗಳು ಬೇರೆಯೇ ಇವೆ. ಆದರೆ ಮೂಗು ಮುಚ್ಚಿಕೊಂಡ ಸಹಪಾಠಿಗೆ ಅವಳು ಕೊಡುವ ಉತ್ತರ ನನ್ನ ಬಾಯಿಂದ ಒಮ್ಮೆಯೂ ಹೊರಡಲಿಲ್ಲ.

ಈ ವಾರ ನಾನೇ ಫಜ್ ಮಾಡಲು ನಿಂತೆ. ಸಕ್ಕರೆಯ ಜೊತೆ ಪಂದಿಯ ಸಂಗತಿಯನ್ನು ವಿಡಿಯೋ ಕರೆಯಲ್ಲಿ ಕೇಳಿದ ಅವ್ವನಿಗೆ ಮೊದಲು ಬಂದದ್ದು ಕೋಪ. ಪಂದಿ ಕರಿಗೆ ಕರಿಮೆಣಸು, ಹುರಿದು ಪುಡಿ ಮಾಡಿದ ಮಸಾಲೆ, ಕಾಚಂಪುಳಿ. ಇವಿಷ್ಟೇ ಶಾಸ್ತ್ರ ಎನ್ನುವವರು ಅವರು. ಫಜ್‌ಗೆ ಅಂಥ ಶಾಸ್ತ್ರವಿಲ್ಲ ಅವ್ವ, ಅದಕ್ಕೆ ಇನ್ನೂ ನೂರೈವತ್ತು ವರ್ಷವೂ ಆಗಿಲ್ಲ, 1888ರಲ್ಲಿ ವಸ್ಸರ್ ಎಂಬ ಹೆಣ್ಣುಮಕ್ಕಳ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ಅಲ್ಲಿನ ಹಿರಿಯ ತರಗತಿಯ ಹರಾಜು ಮಾರಾಟಕ್ಕೆಂದು 30 ಪೌಂಡ್ ಫಜ್ ಮಾಡಿದ್ದಳಂತೆ, ಹಾಸ್ಟೆಲ್ ಹುಡುಗಿಯರು ಕದ್ದುಮುಚ್ಚಿ ಕೋಣೆಯ ದೀಪದ ಮೇಲೆ ಕಾಯಿಸುತ್ತಿದ್ದ ತಿಂಡಿ ಅದು ಎಂದೆ. "ಕದ್ದುಮುಚ್ಚಿ" ಎಂಬ ಮಾತಿಗೆ ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, "ಹುಳಿ ಇಲ್ಲದೆ ಆ ಕೊಬ್ಬು ನಾಲಿಗೆಯಿಂದ ಹೇಗೆ ಇಳಿಯುತ್ತದೆ? ಎರಡು ತೊಟ್ಟು ಕಾಚಂಪುಳಿ ಹಾಕು" ಎಂದರು.

ಹಾಕಿದೆ, ಕುದಿಯುವ ಪಾಕಕ್ಕೇ ಹಾಕಿದೆ. ಹಾಲು ಒಡೆಯಿತು. ಪನಪುಳಿ ಹಣ್ಣಿನಿಂದ ಇಳಿದ ರಸವನ್ನು ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸಿದ ಹುಳಿ ಅದು. ಅದರ ಮುಂದೆ ನಿಂಬೆರಸ ಕೂಸು. ಎರಡು ಕಪ್ ಸಕ್ಕರೆ ಚರಂಡಿಗೆ ಹೋಯಿತು. ಎರಡನೆಯ ಸಲ ಬುದ್ಧಿ ಬಂದು, ಕಾಚಂಪುಳಿಯನ್ನು ಕಂದು ಸಕ್ಕರೆಯಲ್ಲಿ ಕಲಸಿ, ಪಾಕಕ್ಕೆ ಸೋಕಿಸದೆ ಬೇಕನ್ ಪಟ್ಟಿಗಳಿಗೆ ಮಾತ್ರ ಸವರಿ, 350 ಡಿಗ್ರಿ ಫ್ಯಾರನ್‌ಹೀಟಿನ ಓವನ್ನಿಗೆ ತಳ್ಳಿದೆ. ಅವ್ವ ಫೋನಿನೊಳಗಿಂದ ನೋಡುತ್ತಲೇ ಇದ್ದರು. ತಟ್ಟೆಗೆ ಸುರಿದ ಸಕ್ಕರೆ ಅಂಚಿನಲ್ಲಿ ಕರಕಾಗಿ ಹೊಗೆ ಎದ್ದಿತು, ಛಾವಣಿಯಲ್ಲಿದ್ದ ಹೊಗೆಯ ಅಲಾರಾಂ ಇಡೀ ಬೀದಿಗೆ ಕೇಳಿಸುವಂತೆ ಕಿರಿಚಿತು. ಮಗಳು ಕುರ್ಚಿ ಎಳೆದು ಹತ್ತಿ ಅಡುಗೆಮನೆಯ ಎರಡು ಕಿಟಕಿಗಳನ್ನೂ ತೆರೆದಳು, ಹಿಮದ ಗಾಳಿ ಒಳಕ್ಕೆ ನುಗ್ಗಿತು, ಕಾಚಂಪುಳಿಯೂ ಹಂದಿಯ ಕೊಬ್ಬೂ ಸುಟ್ಟ ಸಕ್ಕರೆಯೂ ಬೆರೆತ ವಾಸನೆ ಹೊರಗೆ ಹೋಯಿತು. ಆಚೆ ಅಂಗಳದಲ್ಲಿ ಹಿಮ ಗೋರುತ್ತಿದ್ದ ಅಜ್ಜಿ ಸಲಿಕೆಯನ್ನು ನಿಲ್ಲಿಸಿ ನಮ್ಮ ಕಿಟಕಿಯತ್ತ ಮುಖವೆತ್ತಿ ಉಸಿರೆಳೆದುಕೊಂಡರು.

"ಕಿಟಕಿ ತೆರೆದೇ ಇಟ್ಟಿದ್ದೀಯಾ?" ಎಂದು ಅವ್ವ ಕೇಳಿದರು.

"ಹೌದು ಅವ್ವ."

"ಹಾಗಾದರೆ ಪಾಕ ನೋಡು, ಹೆಚ್ಚಾದೀತು" ಎಂದರು. ನೋಡಿದರೆ ಮುಳ್ಳು ಆಗಲೇ 234ಕ್ಕೆ ಬಂದು ನಿಂತಿತ್ತು.