ಎಷ್ಟು ಗಂಟೆ ಅಂತ ಕೇಳಿದ್ರೆ ಸಾಲದು

"ಮೇಡಂ, ಇ-ಮೇಲ್ ಅಂದ್ರೆ ಪ್ಲೇಸ್ಟೋರ್‌ಗೆ ಹಾಕೋದಲ್ವಾ? ಅದನ್ನ ದಿನಾ ಯಾರ್ ನೋಡ್ತಾರೆ?"

ಹಾಸನ ಕಡೆಯ ಒಂದು ಪಿಯು ಕಾಲೇಜು. ಶನಿವಾರ, ಕ್ಲಾಸು ಮುಗಿದಿತ್ತು. ಸೆಕೆಂಡ್ ಪಿಯು ಹುಡುಗ ಹಾಳೆ ಹಿಡಿದುಕೊಂಡು ಕೇಳಿದ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕಿಂಬರ್ಲಿ ಯಂಗ್ 1998ರಲ್ಲಿ ಮಾಡಿದ ಇಂಟರ್‌ನೆಟ್ ಚಟದ ಪರೀಕ್ಷೆಯ ಕೆಲವು ಪ್ರಶ್ನೆಗಳು ಆ ಹಾಳೆಯಲ್ಲಿದ್ದವು. ಮಾಡಬೇಕಾದ ಕೆಲಸ ಬಿಟ್ಟು ಮೊದಲು ಇ-ಮೇಲ್ ನೋಡುತ್ತೀರಾ ಅನ್ನುವುದು ಅದರಲ್ಲೊಂದು. ಫೋನ್ ಲೈನಿಗೆ ಕಂಪ್ಯೂಟರ್ ಜೋಡಿಸಿ ಇಂಟರ್‌ನೆಟ್ಟಿಗೆ ಹೋಗುತ್ತಿದ್ದ ಕಾಲದ ಪ್ರಶ್ನೆ. ಈ ಮಕ್ಕಳಿಗೆ ಇಂಟರ್‌ನೆಟ್ ಹೋಗಿ ಬರುವ ಜಾಗವೇ ಅಲ್ಲ, ಜೇಬಿನಲ್ಲೇ ಇರುತ್ತದೆ.

ನಾನು ಡಿಗ್ರಿ ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡುತ್ತೇನೆ. ಇಂಟರ್‌ನೆಟ್ ಚಟದ ಲಕ್ಷಣ ಗುರುತಿಸಲು ಪಿಯು ಮಕ್ಕಳಿಗೆ ಹೊಂದುವ ಕನ್ನಡದ ಪ್ರಶ್ನಾವಳಿಯೊಂದನ್ನು ನಾನು, ನನ್ನ ಸಹೋದ್ಯೋಗಿ ಸೇರಿ ಮಾಡುತ್ತಿದ್ದೇವೆ. ಅವತ್ತು ಅಂಕ ಲೆಕ್ಕ ಹಾಕಲು ಹೋಗಿರಲಿಲ್ಲ. ಒಪ್ಪಿ ಬಂದ ಕೆಲವು ಮಕ್ಕಳನ್ನು ಕೂರಿಸಿಕೊಂಡು, ಒಂದೊಂದೇ ಪ್ರಶ್ನೆ ಓದಿಸಿ, ಓದುವಾಗ ಮನಸ್ಸಿಗೆ ಬಂದದ್ದನ್ನು ಹಾಗೇ ಹೇಳಿ ಅಂತ ಕೇಳುವುದಷ್ಟೇ ಕೆಲಸ. ಪ್ರಶ್ನಾವಳಿ ಮಾಡುವಾಗ ಜನ ಅವಸರದಲ್ಲಿ ಬಿಟ್ಟುಬಿಡುವ ಹಂತ ಇದೇ. ನನಗೆ ಎಲ್ಲಕ್ಕಿಂತ ಇಷ್ಟವಾಗುವ ಹಂತವೂ ಇದೇ.

ಯಂಗ್ ಅವರ ಪ್ರಶ್ನೆಗಳಲ್ಲಿ ಕೆಲವು ಹಳತಾಗಿರಬಹುದು, ಬುಡ ಮಾತ್ರ ಗಟ್ಟಿ. 1996ರಲ್ಲಿ ಅವರು ಎಂಟೇ ಪ್ರಶ್ನೆಗಳ ಪಟ್ಟಿ ಮಾಡಿದ್ದರು. ಅದಕ್ಕೆ ಮಾದರಿಯಾಗಿ ತೆಗೆದುಕೊಂಡದ್ದು ಜೂಜಿನ ಚಟದ ಲಕ್ಷಣಗಳನ್ನು. ಹೆಂಡ, ಸಿಗರೇಟಿನ ಹಾಗೆ ಒಳಗೆ ಹೋಗುವ ವಸ್ತು ಜೂಜಿನಲ್ಲೂ ಇಲ್ಲ, ಇಂಟರ್‌ನೆಟ್ಟಿನಲ್ಲೂ ಇಲ್ಲ. ಮನಸ್ಸೆಲ್ಲ ಅಲ್ಲೇ ಇರುವುದು, ಬಿಡಲು ಹೋಗಿ ಸೋಲುವುದು, ಮನೆಯವರಿಗೆ ಸುಳ್ಳು ಹೇಳುವುದು, ನೋವು ಮರೆಯಲು ಅದರ ಮೊರೆ ಹೋಗುವುದು. ಹೀಗೆ ಎಂಟರಲ್ಲಿ ಐದಕ್ಕೆ ಹೌದು ಅಂದರೆ ಯೋಚಿಸಬೇಕು ಅಂದರು. ದಿನಕ್ಕೆ ಎಷ್ಟು ಗಂಟೆ ಅನ್ನುವುದು ಆ ಎಂಟರಲ್ಲಿ ಇಲ್ಲವೇ ಇಲ್ಲ.

ಆದರೆ ತಂದೆ ತಾಯಿ, ಮೇಷ್ಟ್ರು ಎಲ್ಲರೂ ಮೊದಲು ಕೇಳುವುದು ಗಂಟೆಯನ್ನೇ ಅಲ್ವಾ? ಅವತ್ತು ಬಂದ ಇಬ್ಬರನ್ನು ನೋಡಿದರೆ ಗಂಟೆಯ ಲೆಕ್ಕ ಯಾಕೆ ಸಾಲದು ಅಂತ ಗೊತ್ತಾಗುತ್ತದೆ. ಒಬ್ಬ ನೀಟ್‌ಗೆ ಓದುತ್ತಿದ್ದ ಹುಡುಗ. ಕೋಚಿಂಗಿಗೆ ಹೋಗಲು ದುಡ್ಡಿಲ್ಲ, ಯೂಟ್ಯೂಬಿನಲ್ಲೇ ಪಾಠ. ದಿನಕ್ಕೆ ಐದಾರು ಗಂಟೆ ಮೊಬೈಲು. "ಮುಗಿದ ಮೇಲೆ ಅಮ್ಮನ ಕೈಗೆ ಕೊಟ್ಟು ಆಡಕ್ಕೆ ಹೋಗ್ತೀನಿ ಮೇಡಂ" ಅಂದ. ಇನ್ನೊಬ್ಬಳ ಹತ್ತಿರ ಸ್ವಂತ ಫೋನೇ ಇಲ್ಲ. ಅಪ್ಪ ರಾತ್ರಿ ಮನೆಗೆ ಬಂದ ಮೇಲೆ ಒಂದು ಗಂಟೆ ಸಿಕ್ಕಿದರೆ ಹೆಚ್ಚು. ಆದರೆ ಸಂಜೆಯಾಗುತ್ತಲೇ ಅವಳ ಕಿವಿಯೆಲ್ಲ ಅಪ್ಪನ ಬೈಕಿನ ಸದ್ದಿನ ಮೇಲೆ. ನೋಟ್ಸ್ ಗ್ರೂಪಿಗೆ ಬಂದಿದೆ ಅಂತ ಹೇಳಿ ಫೋನ್ ಇಸಕೊಂಡು ರೀಲ್ಸ್ ನೋಡುತ್ತಾಳೆ. ಅಪ್ಪ ಕೊಡದಿದ್ದ ದಿನ ಊಟ ಬಿಟ್ಟಿದ್ದಾಳೆ. ಇದನ್ನೆಲ್ಲ ಅವಳೇ ಪೆನ್ನಿನ ಕ್ಯಾಪ್ ತೆಗೆದು ಹಾಕುತ್ತಾ, ತಲೆ ಎತ್ತದೆ ಹೇಳಿದಳು. ಗಂಟೆ ಲೆಕ್ಕದಲ್ಲಿ ಹುಡುಗ ಚಟಗಾರ, ಅವಳಿಗೆ ಏನೂ ಇಲ್ಲ! ಇಂಥ ಪ್ರಶ್ನಾವಳಿಯಿಂದ ಇಬ್ಬರಿಗೂ ಅನ್ಯಾಯ.

ನಡುವೆ ಒಬ್ಬ ಲೆಕ್ಚರರ್ ಸುಮ್ನೆ ನೋಡಿಕೊಂಡು ಹೋಗೋಣ ಅಂತ ಒಳಗೆ ಬಂದರು. ಒಂದು ಮಾತೂ ಆಡಲಿಲ್ಲ, ಹಿಂದಿನ ಬೆಂಚಿನ ಹತ್ತಿರ ನಿಂತರು, ಅಷ್ಟೆ. ಆ ಬೆಂಚಿನ ಹುಡುಗ ಎಡಗೈಯಿಂದ ಹಾಳೆ ಮುಚ್ಚಿಕೊಂಡ. ಪಕ್ಕದವನು ಆಗಷ್ಟೇ ಹಾಕಿದ್ದ ಗುರುತು ಹೊಡೆದು ಹಾಕಿ 'ಯಾವತ್ತೂ ಇಲ್ಲ' ಅನ್ನುವುದಕ್ಕೆ ಗೆರೆ ಎಳೆದ. ಹಾಳೆಯಲ್ಲಿ ಹೆಸರಿರಲಿಲ್ಲ, ಬರೀ ನಂಬರು ಇತ್ತು. ಆದರೂ ಹೀಗೆ. ಮೇಷ್ಟ್ರು ಇಲ್ಲದ ಕೋಣೆಯಲ್ಲೇ ತುಂಬಿಸಬೇಕು ಅನ್ನುವ ನಿಯಮವನ್ನು ಅವತ್ತೇ ದಪ್ಪ ಅಕ್ಷರದಲ್ಲಿ ಬರೆದೆವು.

ಎರಡು ಮಾತು ಒಂದರಲ್ಲೇ ತುರುಕಿದ ಪ್ರಶ್ನೆಗಳನ್ನು ಮಕ್ಕಳೇ ಹಿಡಿದು ಕೊಟ್ಟರು. ಸಿಟ್ಟು, ಬೇಜಾರು ಎರಡನ್ನೂ ಒಟ್ಟಿಗೆ ಕೇಳಿದ ಪ್ರಶ್ನೆಗೆ ಬಂದ ಮಾತು: "ಸಿಟ್ಟು ಬರಲ್ಲ, ಬೇಜಾರಾಗುತ್ತೆ. ಏನಂತ ಹಾಕ್ಲಿ?" 'ಆಗಾಗ' ಅಂದರೆ ಎಷ್ಟು ಅಂತ ಜಗಳವೇ ಆಯಿತು. ವಾರದಲ್ಲಿ ಎಷ್ಟು ದಿನ ಅಂತ ಬದಲಾಯಿಸಿದೆವು.

ಮನಸ್ಸಿನ ನೋವು ಮರೆಯಲು ಮೊಬೈಲ್ ಹಿಡಿಯುತ್ತೀರಾ ಅನ್ನುವ ಪ್ರಶ್ನೆ ಬಂದಾಗ ಒಬ್ಬ ಹುಡುಗ ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ರಾತ್ರಿ ಅಪ್ಪ ಕುಡ್ಕೊಂಡ್ ಬಂದು ಅಮ್ಮನ್ನ ಬೈತಾರೆ. ಇಯರ್‌ಫೋನ್ ಹಾಕೊಂಡು ಬಿಜಿಎಂಐ ಗೇಮ್ ಆಡ್ತೀನಿ. ಇಲ್ಲಾಂದ್ರೆ ಇನ್ನೇನ್ ಮಾಡ್ಲಿ ಮೇಡಂ?" ಅವನ ಉತ್ತರಕ್ಕೆ ಪೂರ್ತಿ ಐದು ಅಂಕ ಬೀಳುತ್ತದೆ. ಆ ಐದು ಅಂಕ ಅವನ ಕಾಯಿಲೆಯನ್ನು ಹೇಳುತ್ತದೋ, ಆ ಮನೆಯನ್ನು ಹೇಳುತ್ತದೋ? ಆ ಪ್ರಶ್ನೆ ತೆಗೆಯಲಿಲ್ಲ, ಅದು ಬೇಕೇ ಬೇಕು. ಆದರೆ ಅದಕ್ಕೆ ಹೆಚ್ಚು ಅಂಕ ಬಂದ ಮಗುವಿನ ಹತ್ತಿರ ಮೊದಲು ಮನೆಯ ವಿಚಾರ, ನಿದ್ದೆಯ ವಿಚಾರ ಮಾತಾಡಬೇಕು, ಮೊಬೈಲಿನ ಮಾತು ಆಮೇಲೆ ಅಂತ ಮಾರ್ಗಸೂಚಿಯಲ್ಲಿ ಸೇರಿಸಿದೆವು.

ಹೊರಡುವಾಗ ಪ್ರಿನ್ಸಿಪಾಲರು ಚಹಾ ಕೊಟ್ಟು, "ಅಡಿಕ್ಷನ್ ಇರೋರ ಲಿಸ್ಟ್ ಕೊಡಿ, ಪೇರೆಂಟ್ಸ್ ಮೀಟಿಂಗಲ್ಲಿ ಹೇಳ್ತೀವಿ" ಅಂದರು. ಅವರಿಗೆ ಮಕ್ಕಳ ಮೇಲೆ ಕಾಳಜಿ ಇದೆ, ಅದರಲ್ಲಿ ಅನುಮಾನವಿಲ್ಲ. ಆದರೂ ಕೊಡಲ್ಲ ಅಂದೆವು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಪಟ್ಟಿಯಲ್ಲಿ ಗೇಮಿಂಗ್ ತೊಂದರೆಗೆ ಜಾಗ ಸಿಕ್ಕಿದೆ, ಒಟ್ಟಾರೆ ಇಂಟರ್‌ನೆಟ್ ಚಟ ಅನ್ನುವ ಹೆಸರಿಗೆ ಸಿಕ್ಕಿಲ್ಲ. ಹಾಳೆಯ ಅಂಕ ನೋಡಿ ಹದಿನೇಳರ ಮಗುವಿಗೆ ಚಟಗಾರ ಅಂತ ಹಣೆಪಟ್ಟಿ ಹಚ್ಚುವ ಹಕ್ಕು ನಮಗಿಲ್ಲ. ಬದಲಿಗೆ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿಯ 14416 ನಂಬರನ್ನು ನೋಟಿಸ್ ಬೋರ್ಡಿಗೆ ಹಾಕಿಸಿ ಅಂತ ಕೇಳಿಕೊಂಡೆವು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಮೊಬೈಲ್, ಇಂಟರ್‌ನೆಟ್ ಬಳಕೆಯ ತೊಂದರೆಗೆಂದೇ ಶಟ್ ಅನ್ನುವ ಕ್ಲಿನಿಕ್ ಇದೆ ಅಂತಲೂ ತಿಳಿಸಿದೆವು.

ಈಗ ತಿದ್ದಿದ ಪ್ರಶ್ನಾವಳಿ ಸಿದ್ಧವಾಗಿದೆ. ಮುಂದೆ ಇನ್ನಷ್ಟು ಕಾಲೇಜುಗಳಲ್ಲಿ ತುಂಬಿಸಬೇಕು. ಎರಡು ವಾರ ಬಿಟ್ಟು ಅದೇ ಮಕ್ಕಳಿಗೆ ಮತ್ತೆ ಕೊಟ್ಟು ಉತ್ತರ ಎಷ್ಟು ಬದಲಾಗುತ್ತದೆ ನೋಡಬೇಕು. ಒಪ್ಪುವವರನ್ನು ಕ್ಲಿನಿಕಲ್ ಸೈಕಾಲಜಿಸ್ಟ್ ಕೂರಿಸಿಕೊಂಡು ಮಾತಾಡಿಸುತ್ತಾರೆ, ಅವರಿಗೆ ಹಾಳೆಯ ಅಂಕ ಗೊತ್ತಿರುವುದಿಲ್ಲ. ಅವರು ಹೇಳಿದ್ದಕ್ಕೂ ಹಾಳೆ ಹೇಳಿದ್ದಕ್ಕೂ ತಾಳೆಯಾದ ಮೇಲಷ್ಟೇ ಎಷ್ಟು ಅಂಕ ದಾಟಿದರೆ ಸಹಾಯ ಬೇಕು ಅನ್ನುವ ಗೆರೆ ಎಳೆಯುತ್ತೇವೆ.