ಹೆರಾಲ್ಡ್‌ಗೊಂದು ಫ್ಲ್ಯಾಂಜ್ ಬೇಕಾಗಿತ್ತು

ನಮ್ಮ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನಲ್ಲಿ ಕ್ಲಚ್ ಬಿಟ್ಟಾಗಲೆಲ್ಲ ಕೆಳಗಿನಿಂದ 'ಟಕ್' ಅಂತ ಸದ್ದು ಬರುತ್ತಿತ್ತು. ಗಂಟೆಗೆ 60 ಕಿಲೋಮೀಟರ್ ದಾಟಿದರೆ ಸೀಟಿನ ಕೆಳಗೆಲ್ಲ ನಡುಕ. ನಿಲ್ಲಿಸಿದ ಜಾಗದಲ್ಲಿ ಗೇರ್ ಆಯಿಲ್ ಕಲೆ ಬೇರೆ. ನೋಡಿದವರೆಲ್ಲ ಒಂದೇ ಮಾತು ಹೇಳಿದರು: ಪ್ರೊಪೆಲ್ಲರ್ ಶಾಫ್ಟಿನ (ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಹೋಗುವ ಉದ್ದನೆಯ ದಂಡ) ಯು.ಜೆ. ಕ್ರಾಸ್, ಅಂದರೆ ತುದಿಯ ಕೀಲು, ಹೋಗಿದೆ, ಹೊಸದು ಹಾಕಿಸಿ. ನಮ್ಮ ಮೆಕ್ಯಾನಿಕ್ ಮಾತ್ರ ಶಾಫ್ಟನ್ನು ಕೈಯಲ್ಲಿ ಹಿಡಿದು ಆಚೆ ಈಚೆ ತಿರುಗಿಸಿ, "ಕ್ರಾಸ್ ಚೆನ್ನಾಗಿದೆ ಸಾರ್. ಆಡ್ತಿರೋದು ಗೇರ್‌ಬಾಕ್ಸ್ ಕಡೆ" ಅಂದರು.

ಹೆರಾಲ್ಡ್‌ನಲ್ಲಿ ಒಂದು ಸುಖ ಇದೆ. ಗೇರ್‌ಬಾಕ್ಸ್ ಕೆಲಸಕ್ಕೆ ಕಾರಿನ ಕೆಳಗೆ ಮಲಗಬೇಕಿಲ್ಲ. ಒಳಗಿನಿಂದಲೇ ಮಧ್ಯದ ಕವರ್ ಬಿಚ್ಚಿದರೆ ಇಡೀ ಗೇರ್‌ಬಾಕ್ಸ್ ಕಣ್ಣೆದುರಿಗೆ ಬರುತ್ತದೆ. ಬೇಕೆಂದರೆ ಅದನ್ನು ಅಲ್ಲಿಂದಲೇ ಎತ್ತಿ ಬಾಗಿಲಿನಿಂದ ಹೊರಗೆ ತೆಗೆಯಬಹುದು. ಹಾಗೆ ಬಿಚ್ಚಿ ನೋಡಿದಾಗ ಸಿಕ್ಕಿದ್ದು ಔಟ್‌ಪುಟ್ ಫ್ಲ್ಯಾಂಜ್. ಗೇರ್‌ಬಾಕ್ಸಿನ ಹಿಂಬದಿಯಲ್ಲಿ ಮೇನ್ ಶಾಫ್ಟಿನ ಹಲ್ಲುಗಳ ಮೇಲೆ ಕೂತು, ನಾಲ್ಕು ಬೋಲ್ಟುಗಳಲ್ಲಿ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿದುಕೊಳ್ಳುವ ಉಕ್ಕಿನ ತುಂಡು. ನೋಡಲು ಏನೇನೂ ಇಲ್ಲ. ಆದರೆ ಎಂಜಿನ್ನಿನ ಅಷ್ಟೂ ಜೋರು ಹಿಂದಿನ ಚಕ್ರಕ್ಕೆ ಹೋಗಬೇಕಾದರೆ ಇದರ ಮೂಲಕವೇ ಹೋಗಬೇಕು.

ಯಾವುದೋ ಕಾಲದಲ್ಲಿ ಯಾರೋ ಪುಣ್ಯಾತ್ಮರು ಇಂಚಿನ ಬೋಲ್ಟ್ ಇದ್ದ ಜಾಗಕ್ಕೆ ಮಿಲಿಮೀಟರ್ ಬೋಲ್ಟ್ ಹಾಕಿದ್ದರು. ಹಳೆ ಇಂಗ್ಲಿಷ್ ಗಾಡಿಗಳ ಕರ್ಮ ಇದು. 3/8 ಇಂಚು ಅಂದರೆ 9.525 ಮಿಲಿಮೀಟರ್. ಅಂಥ ತೂತಿಗೆ 10ರ ಬೋಲ್ಟ್ ಹೋಗುವುದಿಲ್ಲ, 8ರದ್ದು ಸಲೀಸಾಗಿ ಹೋಗುತ್ತದೆ. ಹೋಯಿತಲ್ಲ, ಬಿಗಿ ಮಾಡಿಬಿಡು! ಅದು ಒಳಗೆ ಅಲ್ಲಾಡಿ ಅಲ್ಲಾಡಿ ನಮ್ಮ ಫ್ಲ್ಯಾಂಜಿನ ತೂತುಗಳು ಕೋಳಿಮೊಟ್ಟೆಯ ಆಕಾರಕ್ಕೆ ತಿರುಗಿದ್ದವು. ಕುತ್ತಿಗೆಯ ಮೇಲೆ, ಆಯಿಲ್ ಸೀಲ್ ಉಜ್ಜುವ ಕಡೆ, ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಬಿದ್ದಿತ್ತು. ಆಯಿಲ್ ಸೋರುತ್ತಿದ್ದದ್ದು ಅಲ್ಲಿಂದಲೇ.

ಹೆರಾಲ್ಡ್ ಮೊದಲು ಬಂದದ್ದು 1959ರಲ್ಲಿ, ಇಂಗ್ಲೆಂಡಿನ ಕಾವೆಂಟ್ರಿಯಿಂದ. ಟ್ರಯಂಫ್ ಕಂಪನಿಗೆ ಅದರ ರೂಪ ಬರೆದುಕೊಟ್ಟವರು ಇಟಲಿಯ ಮಿಕೆಲೋಟ್ಟಿ. 1961ರಿಂದ ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಹೆಸರಿನಲ್ಲಿ ತಯಾರಾಯಿತು. 1972ರಲ್ಲಿ ಅದೇ ಸ್ಟ್ಯಾಂಡರ್ಡ್ ಕಂಪನಿಯ ಗೆಜೆಲ್ ಕಾರು ಬಂದ ಮೇಲೆ ಹೆರಾಲ್ಡ್ ಕಥೆ ಮುಗಿಯಿತು. ಅಂದರೆ ಇದರ ಬಿಡಿಭಾಗ ಅಂಗಡಿಯ ಶೆಲ್ಫಿನಲ್ಲಿ ಸಿಗುವ ಕಾಲ ಯಾವತ್ತೋ ಹೋಗಿದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿದಾಗ ಕೌಂಟರಿನ ಹುಡುಗ, "ಹೆರಾಲ್ಡ್ ಅಂದ್ರೆ ಯಾವ ಕಂಪನಿ ಸಾರ್?" ಅಂದ. ಅವನ ತಪ್ಪೇನಿಲ್ಲ ಬಿಡಿ.

ಶಿವಾಜಿನಗರದ ಗುಜರಿಯಲ್ಲಿ ಕಥೆ ಬೇರೆ. ಅಲ್ಲಿ ಯಾರೂ 'ಇಲ್ಲ' ಅನ್ನುವುದೇ ಇಲ್ಲ. ನನ್ನ ಹಳೆಯ ಫ್ಲ್ಯಾಂಜನ್ನು ಕೈಗೆತ್ತಿಕೊಂಡ ಭಾಯ್ ಒಬ್ಬರು ರಾಶಿಯೊಳಗೆ ಕೈ ಹಾಕಿ ಒಂದಾದ ಮೇಲೊಂದು ತೆಗೆದು ಇಟ್ಟರು. ಎಲ್ಲದಕ್ಕೂ ನಾಲ್ಕು ತೂತು. ಎಲ್ಲವೂ ಒಂದೇ ಥರ ಕಾಣುತ್ತಿದ್ದವು. ಒಂದರಲ್ಲಿ ತೂತುಗಳು ಸರಿಯಾಗಿ ಕೂತರೆ ಒಳಗಿನ ಹಲ್ಲು ದಪ್ಪ. ಇನ್ನೊಂದರಲ್ಲಿ ಹಲ್ಲಿನ ಲೆಕ್ಕ ಸರಿಯಿದ್ದರೂ ಕುತ್ತಿಗೆ ಗಿಡ್ಡ. "ಚೂರು ಫೈಲ್ ಹೊಡೆದ್ರೆ ಕೂತ್ಕೊಳತ್ತೆ ಸಾಬ್" ಅನ್ನುವ ಭರವಸೆ ಮಾತ್ರ ಪ್ರತಿಯೊಂದರ ಜೊತೆಗೂ ಪುಕ್ಕಟೆ.

ದಾರಿ ತೋರಿಸಿದವರು ನಮ್ಮ ಏರಿಯಾದ ಲೇತ್ ಯಜಮಾನರು. ವಯಸ್ಸಾದವರು, ಮಾತು ಕಡಿಮೆ. ನಾನು ಹಳೆಯ ಫ್ಲ್ಯಾಂಜಿನ ಅಳತೆ ಬರೆದಿದ್ದ ಚೀಟಿ ನೋಡಿ ಪಕ್ಕಕ್ಕಿಟ್ಟರು. "ಸವೆದಿರೋದನ್ನ ಅಳೆದ್ರೆ ಸವೆತ ಗೊತ್ತಾಗತ್ತೆ, ಅಷ್ಟೇ. ಅದು ಎಲ್ಲೆಲ್ಲಿ ಸೇರಬೇಕೋ ಅಲ್ಲಿ ಅಳೀರಿ." ತೂತಿನ ಅಳತೆಯನ್ನು ಎದುರಿಗಿನ ಪ್ರೊಪೆಲ್ಲರ್ ಶಾಫ್ಟಿನಿಂದ ತೆಗೆದುಕೊಳ್ಳಬೇಕು. ಹಲ್ಲಿನ ಅಳತೆಯನ್ನು ಮೇನ್ ಶಾಫ್ಟಿನಿಂದ. ಅವರೇ ವರ್ಕ್‌ಶಾಪಿಗೆ ಬಂದು ವರ್ನಿಯರ್ (ಸೂಕ್ಷ್ಮ ಅಳತೆಯ ಸಾಧನ) ಹಿಡಿದು ಕೂತರು. ಎದುರುಬದುರಿನ ತೂತುಗಳ ಒಳಅಂಚಿನಿಂದ ಒಳಅಂಚಿಗೆ ಅಳೆದು, ಅದಕ್ಕೆ ಒಂದು ತೂತಿನ ಅಗಲ ಸೇರಿಸಿದರು. ಅದು ಮಧ್ಯದಿಂದ ಮಧ್ಯಕ್ಕೆ ಇರುವ ಅಂತರ. ಆಮೇಲೆ ಮೇನ್ ಶಾಫ್ಟಿನ ಒಂದು ಹಲ್ಲಿಗೆ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ ಸುತ್ತ ಎಣಿಸಿದರು, ಇನ್ನೊಂದು ಸಲ ಉಲ್ಟಾ ಎಣಿಸಿದರು. ಫ್ಲ್ಯಾಂಜಿನ ಎತ್ತರ ತೆಗೆದರು. ಫ್ಲ್ಯಾಂಜ್, ಪ್ರೊಪೆಲ್ಲರ್ ಶಾಫ್ಟ್ ಎರಡರ ಮುಖಗಳನ್ನು ಒಂದೇ ನಡುವಿಗೆ ತರುವ ಉಂಗುರದ ಅಳತೆಯನ್ನೂ ಬಿಡಲಿಲ್ಲ. ಗುಜರಿಯಲ್ಲಿ ಈ ಉಂಗುರದ ಕಡೆ ಯಾರೂ ನೋಡುವುದೇ ಇಲ್ಲ. ಅದು ಲೂಸಾದರೆ ಬೋಲ್ಟ್ ಎಷ್ಟೇ ಬಿಗಿಯಿದ್ದರೂ ಶಾಫ್ಟ್ ನಡು ತಪ್ಪಿ ತಿರುಗುತ್ತದೆ. ಟಾಪ್ ಗೇರಿನಲ್ಲಿ ಎಂಜಿನ್ ಎಷ್ಟು ಸುತ್ತು ತಿರುಗುತ್ತದೋ ಶಾಫ್ಟೂ ಅಷ್ಟೇ ತಿರುಗುವುದು, ನಿಮಿಷಕ್ಕೆ ಎರಡು ಸಾವಿರಕ್ಕೂ ಜಾಸ್ತಿ. ಕೂದಲೆಳೆಯಷ್ಟು ವ್ಯತ್ಯಾಸವೂ ನಡುಕವಾಗಿ ಸೀಟಿಗೆ ಬರುತ್ತದೆ.

"ನೀವೇ ಹೊಸದು ಮಾಡಿಕೊಡಿ ಯಜಮಾನ್ರೇ" ಅಂದೆ. "ಒಳಹಲ್ಲು ಸ್ಲಾಟಿಂಗ್ ಮೆಷಿನ್ನಿನಲ್ಲಿ ಕೊರೆಸಬಹುದು. ಹದ ಮಾಡದ ಕಬ್ಬಿಣ ಸವೆದರೆ ಹೋಗ್ಲಿ ಅನ್ನಿ. ಅದು ನಿಮ್ಮ ಮೇನ್ ಶಾಫ್ಟಿನ ಹಲ್ಲನ್ನೂ ತಿಂದುಹಾಕಿದ್ರೆ?" ಅಂದರು. ಬೇರೆ ಫ್ಲ್ಯಾಂಜಿಗೆ ವೆಲ್ಡಿಂಗ್ ಮಾಡುವ ಮಾತಿಗಂತೂ ಉತ್ತರವನ್ನೇ ಕೊಡಲಿಲ್ಲ.

ಇಂಗ್ಲೆಂಡಿನಿಂದ ತರಿಸಬಹುದಿತ್ತು. ಅಲ್ಲಿ ಈ ಗಾಡಿಗಳ ಸಾಮಾನು ಇನ್ನೂ ಸಿಗುತ್ತದೆ. ಹೆರಾಲ್ಡ್, ಸ್ಪಿಟ್‌ಫೈರ್, ವಿಟೆಸ್, ಜಿಟಿ6 ಎಲ್ಲ ಟ್ರಯಂಫ್ ಕಂಪನಿಯ ಕಾರುಗಳೇ, ಒಂದೇ ವಂಶ. ಆದರೆ ಆರು ಸಿಲಿಂಡರಿನ ಕೆಲವು ಅಣ್ಣಂದಿರ ಫ್ಲ್ಯಾಂಜ್ ದೊಡ್ಡದು. ಫೋಟೋ ನೋಡಿ ದುಡ್ಡು ಕಟ್ಟಿ, ಕಸ್ಟಮ್ಸ್ ತೆತ್ತು, ಕೊನೆಗೆ ದೊಡ್ಡದು ಬಂದರೆ ಯಾರ ಹತ್ತಿರ ಹೋಗಿ ಅಳೋದು?

ಹಾಗಾಗಿ ಚೆನ್ನೈ. ಈ ಕಾರು ಹುಟ್ಟಿದ ಊರು, ಅಲ್ಲೇ ಪುದುಪೇಟೆ ಗುಜರಿಯೂ ಇದೆ. ಚೀಟಿ, ವರ್ನಿಯರ್ ಹಿಡಿದುಕೊಂಡು ಹೊರಟೆ. ಕಿರಿದಾದ ಬೀದಿಗಳಲ್ಲಿ ಬಾನೆಟ್ಟು, ಬಾಗಿಲು, ಎಂಜಿನ್ನು ಮಹಡಿ ಎತ್ತರಕ್ಕೆ ಪೇರಿಸಿಟ್ಟಿದ್ದಾರೆ. ಕೇಳುತ್ತಾ ಕೇಳುತ್ತಾ ಹೋದಾಗ ಒಂದು ಅಂಗಡಿಯ ಹಿಂದೆ ಜಿಡ್ಡು ಮೆತ್ತಿದ ಪೂರ್ತಿ ಹೆರಾಲ್ಡ್ ಗೇರ್‌ಬಾಕ್ಸ್ ಸಿಕ್ಕಿತು. ಅದರ ಬಾಲದಲ್ಲಿ ಫ್ಲ್ಯಾಂಜ್! ಚಿಂದಿಬಟ್ಟೆಯಲ್ಲಿ ಒರೆಸಿ ಅಳೆದೆ. ತೂತು ದುಂಡಗಿದ್ದವು, ಅಂತರ ಸರಿಯಿತ್ತು. ಉಂಗುರ ಸರಿ, ಎತ್ತರವೂ ಸರಿ. ಫ್ಲ್ಯಾಂಜ್ ಒಂದನ್ನೇ ಕೊಡಿ ಅಂದರೆ ಅಂಗಡಿಯವರು ಜಪ್ಪಯ್ಯ ಅನ್ನಲಿಲ್ಲ. "ಬಾಲ ಕಿತ್ತುಕೊಂಡು ಹೋದರೆ ಹಸುವನ್ನು ಯಾರಿಗೆ ಮಾರಲಿ?" ಅಂತ ತಮಿಳಿನಲ್ಲಿ ಕೇಳಿದರು. ನ್ಯಾಯವಾದ ಮಾತೇ. ಚೌಕಾಸಿ ಮಾಡಿ ಹಸುವನ್ನೇ ಕೊಂಡೆ.

ಊರಿಗೆ ತಂದ ಮೇಲೆ ಅದನ್ನು ಬಿಡಿಸುವುದೇ ಒಂದು ಯುದ್ಧ. ಎರಡು ತೂತಿಗೆ ಉದ್ದನೆಯ ಪಟ್ಟಿ ಬಿಗಿದು ಹುಡುಗನೊಬ್ಬ ತುಳಿದು ನಿಂತ. ಇನ್ನೊಬ್ಬ ಪಾನಾಕ್ಕೆ ಪೈಪು ತೂರಿಸಿ ಎಳೆದ. ನಟ್ಟು ಗುಂಡು ಹೊಡೆದ ಹಾಗೆ ಸದ್ದು ಮಾಡಿ ಬಿಟ್ಟಿತು. ಹಲ್ಲು ಎಣಿಸಿದೆವು, ಲೆಕ್ಕ ಸರಿಹೋಯಿತು. ಕುತ್ತಿಗೆಯ ಸಣ್ಣ ಗೆರೆ ಎಮರಿ ಪೇಪರಿಗೇ ಹೋಯಿತು. ಹೊಸ ಸೀಲ್ ಹಾಕಿ, ಫ್ಲ್ಯಾಂಜನ್ನು ನಮ್ಮ ಮೇನ್ ಶಾಫ್ಟಿಗೆ ತೋರಿಸಿ ಅಂಗೈಯಲ್ಲಿ ಒತ್ತಿದರೆ ಸದ್ದಿಲ್ಲದೆ ಒಳಗೆ ಜಾರಿತು. ಸುತ್ತಿಗೆ ಮುಟ್ಟಲೇ ಇಲ್ಲ. ಬೋಲ್ಟುಗಳು ಈ ಸಲ ಇಂಚಿನವೇ.

ಟಕ್ ಅನ್ನುವ ಸದ್ದು ಹೋಯಿತು, ಸೋರಿಕೆ ನಿಂತಿತು. ನಡುಕ ಮುಕ್ಕಾಲು ಪಾಲು ಕಡಿಮೆಯಾಗಿದೆ. ಉಳಿದ ಕಾಲು ಎಲ್ಲಿಂದ ಅಂತ ಕೇಳಿದರೆ ನಮ್ಮ ಮೆಕ್ಯಾನಿಕ್ ಶಾಫ್ಟಿನ ಇನ್ನೊಂದು ತುದಿ, ಹಿಂದಿನ ಚಕ್ರಗಳ ಕಡೆಯದು, ತೋರಿಸಿದರು. "ಡಿಫರೆನ್ಷಿಯಲ್ ಕಡೆಗೂ ಒಂದು ಫ್ಲ್ಯಾಂಜ್ ಇದೆ ಸಾರ್. ಅಲ್ಲೂ ಅದೇ ಪುಣ್ಯಾತ್ಮ ಕೈ ಹಾಕಿದ್ದಾನೆ."